ಬಿಳುಪು ಎಲೆಯದು, ಬಣ್ಣ ಮನುಷ್ಯನದು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳಿಂದ ತೆಗೆದ ನಿಸರ್ಗಚಿತ್ರದ ಮುಂದೆ ನಿಂತಾಗ ಈ ಗಾದೆಯ ತೂಕ ತಿಳಿಯುತ್ತದೆ. ಅಲ್ಲಿ ಮರದ ಎಲೆಗಳೆಲ್ಲ ಹಿಂಜಿದ ಅರಳೆಯಂತೆ ಬೆಳ್ಳಗಿರುತ್ತವೆ. ನೆತ್ತಿಯ ಮೇಲೆ ಸೂರ್ಯನಿದ್ದರೂ ಆಕಾಶ ಕಪ್ಪಿಟ್ಟಿರುತ್ತದೆ. ಕೆರೆಯ ನೀರು ಮಸಿಯಂತಿರುತ್ತದೆ. ಮೊದಲ ಸಲ ನೋಡಿದವರು ‘ಎಲ್ಲಾ ಕಂಪ್ಯೂಟರಿನ ಕೈಚಳಕ’ ಎಂದು ನಕ್ಕು ಮುಂದೆ ಹೋಗುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಯಾವ ಅರ್ಧ ಎಂಬುದೇ ಇಲ್ಲಿನ ಪ್ರಶ್ನೆ.

ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು ಮಾತ್ರ. ಕೆಂಪಿನ ಆಚೆಗೂ ಕಿರಣಗಳಿವೆ ಎಂದು 1800ರಲ್ಲಿ ತೋರಿಸಿದವರು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್. ಪಟ್ಟಕದಿಂದ ಹೊರಬಿದ್ದ ಬಣ್ಣಗಳ ಸಾಲಿನಲ್ಲಿ ಕೆಂಪನ್ನೂ ದಾಟಿ, ಏನೂ ಕಾಣದ ಕಡೆ ಇಟ್ಟ ಉಷ್ಣಮಾಪಕ ಮೇಲೇರಿತ್ತು. 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ ಈ ಕಾಣದ ಬೆಳಕಿನಲ್ಲಿ ತೆಗೆದ ನಿಸರ್ಗಚಿತ್ರಗಳನ್ನು ಪ್ರಕಟಿಸಿದರು. ಎಲೆಗಳು ಹೀಗೆ ಬೆಳ್ಳಗಾಗುವುದಕ್ಕೆ ಇಂದಿಗೂ ‘ವುಡ್ ಪರಿಣಾಮ’ ಎಂದೇ ಹೆಸರು.

ಎಲೆಯೇಕೆ ಬೆಳ್ಳಗಾಗುತ್ತದೆ? ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಹೀರಿಕೊಂಡು, ಹಸಿರಿನ ಸ್ವಲ್ಪ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅವಕೆಂಪಿಗೆ ಮಾತ್ರ ಅದು ಪಾರದರ್ಶಕ. ಒಳಹೊಕ್ಕ ಕಿರಣಗಳು ಎಲೆಯೊಳಗಿನ ಜೀವಕೋಶಗಳು ಮತ್ತು ಅವುಗಳ ನಡುವಣ ಗಾಳಿಯ ಸಂದುಗಳಿಗೆ ತಾಗಿ ಚದುರಿ, ಸುಮಾರು ಅರ್ಧದಷ್ಟು ಹೊರಗೆ ಮರಳುತ್ತವೆ. ಆಕಾಶದ ಕಥೆ ಇದಕ್ಕೆ ವಿರುದ್ಧ. ತರಂಗಾಂತರ ಹೆಚ್ಚಿದಂತೆ ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದು ಬಹಳ ಕಡಿಮೆಯಾಗುವುದರಿಂದ, ನೀಲಿಯಲ್ಲಿ ಬೆಳಗುವ ಆಕಾಶ ಅವಕೆಂಪಿನಲ್ಲಿ ಕಪ್ಪಾಗುತ್ತದೆ. ಮೈಶಾಖವನ್ನು ತೋರಿಸುವ ಕ್ಯಾಮೆರಾ ಬೇರೆಯೇ. ಅದು ಹಿಡಿಯುವುದು ಇದರ ಹತ್ತು ಪಟ್ಟಿಗೂ ಮಿಕ್ಕ ತರಂಗಾಂತರದ ಕಿರಣಗಳನ್ನು. ಇಲ್ಲಿ ಹಿಡಿಯುವುದು ಎಲೆಯ ಮೇಲೆ ಬಿದ್ದು ಮರಳಿದ ಬಿಸಿಲನ್ನು.

ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಸುಮಾರು 1,000 ನ್ಯಾನೊಮೀಟರ್‌ವರೆಗೂ ದೃಷ್ಟಿಯಿದೆ. ಬಣ್ಣ ಕೆಡದಿರಲೆಂದು ತಯಾರಕರು ಅದರ ಮುಂದೆ ಅವಕೆಂಪನ್ನು ತಡೆಯುವ ಗಾಜು ಕೂರಿಸಿರುತ್ತಾರೆ. ಆದರೂ ಒಂದಿಷ್ಟು ನುಸುಳುತ್ತದೆ. ಟಿ.ವಿ. ರಿಮೋಟಿನ ಗುಂಡಿ ಒತ್ತಿ ಮೊಬೈಲ್ ಕ್ಯಾಮೆರಾದಿಂದ ನೋಡಿದರೆ, ಅನೇಕ ಫೋನುಗಳಲ್ಲಿ ರಿಮೋಟಿನ ತುದಿ ಮಿನುಗುವುದು ಕಾಣುತ್ತದೆ. ಚಿತ್ರ ತೆಗೆಯಲು ಮಸೂರದ ಮುಂದೆ 720 ನ್ಯಾನೊಮೀಟರಿನ ಫಿಲ್ಟರ್ ಹಾಕಬೇಕು. ಅದು ಕಣ್ಣಿಗೆ ಬಹುತೇಕ ಕಪ್ಪು ಗಾಜು. ಹಾಗಾಗಿ ಮೊದಲು ಟ್ರೈಪಾಡ್ ಊರಿ, ದೃಶ್ಯ ಹೊಂದಿಸಿ, ಅನಂತರ ಫಿಲ್ಟರ್ ತೊಡಿಸುವುದು ವಾಡಿಕೆ. ನುಸುಳುವ ಬೆಳಕು ಅತ್ಯಲ್ಪವಾದ್ದರಿಂದ ಕವಾಟವನ್ನು ಹಲವು ಸೆಕೆಂಡು ತೆರೆದಿಡಬೇಕು. ಗಾಳಿ ಬೀಸಿದರೆ ಎಲೆಗಳು ಮಸುಕಾಗುತ್ತವೆ. ಇತರ ಛಾಯಾಗ್ರಾಹಕರು ನೆರಳು ಹುಡುಕಿ ಕೂರುವ ನಡುಹಗಲೇ ಇದಕ್ಕೆ ಒಳ್ಳೆಯ ಹೊತ್ತು.

ಹೆತ್ತವರು ಎರಡು ಎಚ್ಚರಿಕೆಗಳನ್ನು ಮಕ್ಕಳಿಗೆ ಹೇಳಲೇಬೇಕು. ಗಾಜು ಕಪ್ಪಾಗಿದೆಯೆಂದು ಅದರ ಮೂಲಕ ಸೂರ್ಯನನ್ನು ನೋಡಕೂಡದು. ಕಣ್ಣನ್ನು ಸುಡಬಲ್ಲ ಕಿರಣಗಳನ್ನು ಅದು ತಡೆಯುವುದಿಲ್ಲ. ತಡೆಗಾಜು ತೆಗೆಯಲೆಂದು ಕ್ಯಾಮೆರಾ ಬಿಚ್ಚಕೂಡದು. ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಜೋರಾಗಿ ಹೊಡೆಯುತ್ತದೆ.

ಇಷ್ಟಾಗಿ ಕೈಗೆ ಬರುವ ಚಿತ್ರ ಕುಂಕುಮ ಕಲಸಿದ ನೀರಿನಂತೆ ಇಡೀ ಕೆಂಪು. ಕಂಪ್ಯೂಟರಿನಲ್ಲಿ ಎಲೆಗಳನ್ನೇ ಬಿಳುಪೆಂದು ಗೊತ್ತುಮಾಡಿ ಬಣ್ಣದ ಸಮತೋಲ ಸರಿಪಡಿಸಿದರೆ ಎಲೆ ಬೆಳ್ಳಗಾಗಿ, ಆಕಾಶ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಂಪು ಮತ್ತು ನೀಲಿ ಪದರಗಳನ್ನು ಅದಲು ಬದಲು ಮಾಡಿದರೆ ಆಕಾಶ ನೀಲಿಯಾಗುತ್ತದೆ. ಈ ನೀಲಿ ನಿಸರ್ಗದ್ದಲ್ಲ, ಮನುಷ್ಯ ಆರಿಸಿಕೊಂಡದ್ದು. ಕಾಣದ ಬೆಳಕಿಗೆ ಕಾಣುವ ಬಣ್ಣವಿಲ್ಲ. ಯಾವುದೋ ಒಂದನ್ನು ತೊಡಿಸಲೇಬೇಕು. ಆದರೆ ಎಲೆ ಹೊಳೆಯಿತು, ಆಕಾಶ ಹೊಳೆಯಲಿಲ್ಲ ಎಂಬುದು ಸಂವೇದಕ ಕೊಟ್ಟ ಸಾಕ್ಷ್ಯ. ಕೈಚಳಕ ಎಂದವರ ಮಾತು ಬಣ್ಣದ ಮಟ್ಟಿಗೆ ನಿಜ, ಬಿಳುಪಿನ ಮಟ್ಟಿಗೆ ಸುಳ್ಳು.

ಈ ವ್ಯತ್ಯಾಸ ಬರೀ ಚಿತ್ರಕಲೆಯ ಮಾತಲ್ಲ. 1970ರಲ್ಲಿ ಪ್ರೊ. ಪಿ. ಆರ್. ಪಿಶಾರೋಟಿ ಅವರ ಮುಂದಾಳತ್ವದಲ್ಲಿ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಲಾಯಿತು. ಬೇರು ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸುವುದು ಉದ್ದೇಶ. ಆ ಫಿಲ್ಮಿನಲ್ಲಿ ಆರೋಗ್ಯವಂತ ಗರಿ ಕಡುಗೆಂಪಾಗಿ ಮೂಡಿದರೆ, ಸೊರಗಿದ ಗರಿಯ ಕೆಂಪು ಕಳೆಗುಂದಿರುತ್ತದೆ. ಭಾರತದ ದೂರಸಂವೇದನೆ ಮೊದಲ ಹೆಜ್ಜೆಯಿಟ್ಟದ್ದು ಹೀಗೆ. 1988ರ ಮಾರ್ಚ್ 17ರಂದು ಮೇಲೇರಿದ ಐ.ಆರ್.ಎಸ್.-1ಎ ಉಪಗ್ರಹದ ಕ್ಯಾಮೆರಾಗಳಲ್ಲಿಯೂ ನಾಲ್ಕು ಪಟ್ಟಿಗಳಲ್ಲೊಂದು ಅವಕೆಂಪಿನದೇ ಆಗಿತ್ತು.

ಅಂಥ ಚಿತ್ರವನ್ನು ಯಾರೋ ಅಂದವಾಗಲಿ ಎಂದು ಎಲ್ಲ ಗರಿಗಳನ್ನೂ ಒಂದೇ ಸಮ ಕೆಂಪಗಾಗಿಸಿದರೆ ಏನಾದೀತು? ಗೋಡೆಗೆ ಚಿತ್ರ ಚೆನ್ನಾಗಿರುತ್ತದೆ. ರೋಗದ ಮರ ಮಾತ್ರ ಅದರಲ್ಲಿ ಆರೋಗ್ಯವಂತವಾಗಿಯೇ ಕಂಡು, ತೋಟದವನು ಮೋಸಹೋಗುತ್ತಾನೆ. ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ವಿದ್ಯಾರ್ಥಿ ತಿದ್ದುವುದು ತಪ್ಪೇನಲ್ಲ. ಮೂಲಚಿತ್ರವನ್ನು ಅಳಿಸದೆ ಇಟ್ಟು, ಕ್ಯಾಮೆರಾ ಕಂಡದ್ದೆಷ್ಟು, ತಾನು ಬಳಿದದ್ದೆಷ್ಟು ಎಂದು ಚಿತ್ರದ ಕೆಳಗೆ ಎರಡು ಸಾಲು ಬರೆಯುವ ಅಭ್ಯಾಸ ಮಾಡಿಕೊಂಡರೆ ಸಾಕು. ಪ್ರಯೋಗಶಾಲೆಯ ದಾಖಲೆ ಪುಸ್ತಕ ಬೇಡುವ ಪ್ರಾಮಾಣಿಕತೆಯೂ ಅಷ್ಟೇ.