ಸಿದ್ಧೇಶ್ವರ ಬೆಟ್ಟದಿಂದ ಕಂಡ ಹಸಿರು ಡೇರೆ

1799ರ ಮಾರ್ಚ್ 5. ಗುರುಪುರದ ಕಡೆಯಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನ ಗಡಿಯ ಸಿದ್ಧೇಶ್ವರ ಬೆಟ್ಟ ಹತ್ತಿದ್ದೀರಿ. ಪಕ್ಕದಲ್ಲಿ ಬ್ರಿಟಿಷರ ಮಿತ್ರ, ಕೊಡಗಿನ ದೊರೆ ದೊಡ್ಡವೀರರಾಜೇಂದ್ರ. ಕಾಡಿನಾಚೆ, ಪಿರಿಯಾಪಟ್ಟಣದ ಬಯಲಿನಲ್ಲಿ, ನೋಡನೋಡುತ್ತಿದ್ದಂತೆ ಡೇರೆಗಳು ಏಳುತ್ತಿವೆ. ಅವುಗಳ ನಡುವೆ ಒಂದು ಹಸಿರು ಡೇರೆ. ಟಿಪ್ಪು ಸುಲ್ತಾನ್ ಖುದ್ದು ಬಂದಿದ್ದಾನೆ.

ವೀರರಾಜೇಂದ್ರನಿಗೆ ಪಿರಿಯಾಪಟ್ಟಣ ಹೊಸದಲ್ಲ. ಅಲ್ಲಿಯ ಕೋಟೆಯಲ್ಲೇ ಟಿಪ್ಪು ಅವನನ್ನು ಸೆರೆಯಿಟ್ಟಿದ್ದ; ತಪ್ಪಿಸಿಕೊಂಡದ್ದು 1788ರ ಡಿಸೆಂಬರಿನಲ್ಲಿ. ಅದೇ ಡಿಸೆಂಬರಿನಲ್ಲಿ ಲಂಡನ್ ಬಳಿಯ ಕ್ಯೂ ಅರಮನೆಯಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನೂ ಒಂದು ಬಗೆಯ ಸೆರೆಯಲ್ಲಿದ್ದ. ಬುದ್ಧಿ ಸ್ಥಿಮಿತ ತಪ್ಪಿತೆಂದು ವೈದ್ಯರು ಅವನಿಗೆ ಕೈ ಆಡಿಸಲಾಗದಂಥ ಬಿಗಿ ಅಂಗಿ ತೊಡಿಸಿದ್ದರು.

ಮರುದಿನ ಬೆಳಗಾಗಿದೆ. ಮಬ್ಬು ಕವಿದು ಬಯಲು ಕಾಣಿಸುತ್ತಿಲ್ಲ. ಒಂಬತ್ತು ದಾಟುತ್ತಲೇ ಟಿಪ್ಪುವಿನ ಸೈನ್ಯ ಕಾಡಿನೊಳಗಿಂದ ಹಿಂದೆಯೂ ಮುಂದೆಯೂ ನುಗ್ಗಿ ಬರುತ್ತದೆ. ಬ್ರಿಟಿಷ್ ಅಧಿಕಾರಿ ಮಾಂಟ್ರೆಸರನ ಕೈಕೆಳಗೆ ಬೆಟ್ಟ ಕಾಯುತ್ತಿರುವ ಮೂರು ದಂಡುಗಳೂ ನಮ್ಮ ದೇಶದ ಸಿಪಾಯಿಗಳವೇ. ಗಂಟೆಗಟ್ಟಲೆ ಗುಂಡಿನ ಸದ್ದು, ಮದ್ದಿನ ಹೊಗೆ. ಮಧ್ಯಾಹ್ನದ ಮೇಲೆ ಜನರಲ್ ಸ್ಟುವರ್ಟ್ ಕೆಂಪು ಕೋಟಿನವರನ್ನು ಕರೆತರುತ್ತಾನೆ: 75ನೇ, 77ನೇ ರೆಜಿಮೆಂಟುಗಳು, ಈಸ್ಟ್ ಇಂಡಿಯಾ ಕಂಪನಿಯವಲ್ಲ, ಜಾರ್ಜ್ ದೊರೆಯ ಸ್ವಂತ ಪಡೆಗಳು. ಟಿಪ್ಪು ಹಿಮ್ಮೆಟ್ಟುತ್ತಾನೆ. ಬೆಂಕಿ ನವಾಬನೆಂದು ಹೆಸರಾದ ಅವನ ಸರದಾರ ಮಹಮ್ಮದ್ ರಜಾ ಇದೇ ಕಾಡಿನಲ್ಲಿ ಬಿದ್ದಿದ್ದಾನೆ.

ಜಾರ್ಜ್ ಈ ಮಣ್ಣನ್ನು ಕಂಡವನಲ್ಲ. 22ನೇ ವಯಸ್ಸಿಗೆ ಪಟ್ಟವೇರಿದ ಅವನಿಗೆ ಪುಸ್ತಕದ ಹುಚ್ಚು, ಬೇಸಾಯದ ಪ್ರೀತಿ. ತನ್ನವರ ಬಾಯಲ್ಲಿ ಅವನು ರೈತ ದೊರೆ. ಹೊರಗಿನವರಿಗೆ ಅಮೆರಿಕ ಕಳೆದುಕೊಂಡವನು, ಹುಚ್ಚ. ಕಾಯಿಲೆಯನ್ನು ಹಂಗಿಸುವುದನ್ನು ನಾನು ಸಹಿಸಲಾರೆ. ಆದರೆ ಅವನ ಹೆಸರಿನಲ್ಲಿ ಇಲ್ಲಿ ಹರಿದ ರಕ್ತವನ್ನು ಬಿಟ್ಟು ಅವನ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ. ಈ ಯುದ್ಧ ಹೂಡಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ, ನಿಜ. ಗೆಲುವಿನ ಕಾಣಿಕೆ ಮಾತ್ರ ದೊರೆಗೇ ಹೋಯಿತು.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಮೇಲ್ಕಟ್ಟಿನ ನೆತ್ತಿಯಲ್ಲಿದ್ದ ಹುಮಾ ಹಕ್ಕಿ, ಮಾಣಿಕ್ಯ, ಪಚ್ಚೆ, ವಜ್ರ, ಮುತ್ತು ಕೂರಿಸಿದ ಚಿನ್ನದ ಹಕ್ಕಿ, ಜಾರ್ಜನ ಕೈಸೇರಿತು. ಹುಮಾದ ನೆರಳು ಬಿದ್ದ ತಲೆಗೆ ಕಿರೀಟ ಖಚಿತವೆಂಬ ನಂಬಿಕೆಯಿತ್ತು. ಜಾರ್ಜನ ಕಾಯಿಲೆ ಮರುಕಳಿಸಿ 1811ರಲ್ಲಿ ಅಧಿಕಾರ ಮಗನ ಪಾಲಾಯಿತು, ಕಣ್ಣೂ ಹೋಗಿತ್ತು. 1820ರಲ್ಲಿ ವಿಂಡ್ಸರ್ ಕೋಟೆಯಲ್ಲಿ ತೀರಿಕೊಂಡ. ಹಕ್ಕಿ ಇಂದಿಗೂ ಆ ರಾಜಮನೆತನದ ಸಂಗ್ರಹದಲ್ಲೇ ಇದೆ.