ಸರಿಯುವ ಸೂರು

ನುಗ್ಗೇಹಳ್ಳಿಯ ನಮ್ಮ ಹಿತ್ತಿಲಲ್ಲಿ ದೂರದರ್ಶಕಕ್ಕೊಂದು ಕೋಣೆ, ಅದಕ್ಕೆ ಹಳಿಯ ಮೇಲೆ ಸರಿಯುವ ಸೂರು ಎಂದಾಗ ಅಮ್ಮ, "ಸೂರಿಗೂ ಗಾಲಿಯೇನೋ?" ಎಂದು ನಕ್ಕಳು. ತಮಿಳುನಾಡಿನ ಕಾವಲೂರಿನಲ್ಲೂ 1968ರಲ್ಲಿ 38 ಸೆಂಟಿಮೀಟರಿನ ದೂರದರ್ಶಕದಿಂದಲೇ ಕೆಲಸ ಶುರುವಾದದ್ದೆಂಬ ಧೈರ್ಯ ನನಗೆ.

ತೊಡಕಾದದ್ದು ಧ್ರುವನಕ್ಷತ್ರ. ದೂರದರ್ಶಕದ ಅಕ್ಷವನ್ನು ಅದರತ್ತ ಹೊಂದಿಸಬೇಕು. ನಮ್ಮೂರಲ್ಲಿ ಅದಿರುವುದು ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ. ಅಲ್ಲೇ ಅಡ್ಡವಾಗಿ ಅಪ್ಪ ನೆಟ್ಟ ತೆಂಗು! ಕಡಿಯಲು ಆಳು ಬಂದ ದಿನ ಅಮ್ಮ ಏನೂ ಅನ್ನಲಿಲ್ಲ. ಎಂದಿನಂತೆ ಬುಡಕ್ಕೆ ನೀರು ಹಾಕಿದಳು.

ಆಳನ್ನು ವಾಪಸು ಕಳಿಸಿದೆ. ತಳಪಾಯದ ಗುರುತನ್ನು ನಾಲ್ಕು ಮಾರು ಪೂರ್ವಕ್ಕೆ ಸರಿಸಿದೆ. ತೆರೆದ ಸೂರು ಉತ್ತರವನ್ನು ಮರೆಮಾಡದಿರಲೆಂದು ಹಳಿಯನ್ನು ದಕ್ಷಿಣಕ್ಕೆ ಹಾಕಿಸಿದೆ.

ಈಗ ಸೂರು ಸರಿಸಿದರೆ ಧ್ರುವ ಕಾಣುತ್ತಾನೆ. ಪಕ್ಕದಲ್ಲೇ ಅಪ್ಪನ ಮರವೂ.