ಕೇದಾರಕ್ಕೊಂದು ಕ್ಯಾಮರಾ

ಈ ಸಲ ಮಳೆಗಾಲ ಮುಗಿಯುತ್ತಲೇ ನಾವು ಏಳು ಜನ ನಿವೃತ್ತ ಶಿಕ್ಷಕಿಯರು ಚಾರ್‌ಧಾಮ ಯಾತ್ರೆಗೆ ಹೊರಡುವುದೆಂದು ನಿಶ್ಚಯವಾಗಿದೆ. ಸುದ್ದಿ ಹೇಗೋ ಹಬ್ಬಿ, ಹಳೆಯ ವಿದ್ಯಾರ್ಥಿಗಳಿಂದ ಸಲಹೆಗಳ ಸುರಿಮಳೆ ಆರಂಭವಾಯಿತು. ಉಣ್ಣೆಯ ಕಾಲುಚೀಲದಿಂದ ಹಿಡಿದು ವಾಂತಿಯ ಮಾತ್ರೆಯವರೆಗೆ ಎಲ್ಲದರ ಪಟ್ಟಿಯೂ ಬಂದಿತು. ಆದರೆ ನಾನಾಗಿ ಕೇಳಿದ ಒಂದೇ ಪ್ರಶ್ನೆಗೆ, ಅಂದರೆ ಯಾವ ಸಣ್ಣ ಕ್ಯಾಮರಾ ಕೊಳ್ಳಲಿ ಎಂಬುದಕ್ಕೆ, ಎಲ್ಲರೂ ನಕ್ಕವರೇ. "ಟೀಚರ್, ಕೈಯಾಗ ಅಷ್ಟು ಛಲೋ ಮೊಬೈಲ್ ಅದ, ಮತ್ತ ಕ್ಯಾಮರಾ ಯಾಕ್ರಿ?" ಎಂದು ಒಬ್ಬನಲ್ಲ, ಐದಾರು ಮಂದಿ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಉತ್ತರ ಹೇಳಿ ಹೇಳಿ ದಣಿದು, ಒಮ್ಮೆಲೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ಕ್ಯಾಮರಾ ನನಗಾಗಿ ಅಲ್ಲ, ಭಾಲ್ಕಿಯ ನನ್ನ ಅಕ್ಕನಿಗಾಗಿ. ಬಂಧುಗಳಿಗೆಲ್ಲ ಗೊತ್ತಿರುವಂತೆ ಕೇದಾರನಾಥನ ದರ್ಶನ ಆಕೆಯ ಬಹಳ ಹಳೆಯ ಆಸೆ. ಭಾವನವರೊಡನೆ 2013ರಲ್ಲಿ ಹೊರಡಲು ಸಿದ್ಧವಾಗಿ ಟಿಕೆಟ್ಟನ್ನೂ ತೆಗೆಸಿದ್ದಳು. ಆ ವರ್ಷದ ಜೂನಿನಲ್ಲಿ ಮಂದಾಕಿನಿ ಉಕ್ಕಿ ಬಂದು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮುಂದೆ ಭಾವನವರ ಕಾಯಿಲೆ, ಅವರ ನಿಧನ, ಆಮೇಲೆ ಕೊರೋನಾ. ಈಗ ಅಕ್ಕನಿಗೆ ಎಂಬತ್ತೊಂದು. ಮೊಣಕಾಲು ಮಾತ್ರವಲ್ಲ, ಕಣ್ಣೂ ಕೈಬಿಡುತ್ತಿದೆ. ಅದು ಪೊರೆಯಲ್ಲ, ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಅಕ್ಷಿಪಟಲದ ನಡುಭಾಗ ಸವೆಯುವ ವೃದ್ಧಾಪ್ಯದ ರೋಗ. ನೇರ ಗೆರೆ ಡೊಂಕಾಗಿ ಕಾಣುತ್ತದೆ, ನೋಡಬೇಕೆಂದ ಮುಖದ ಮಧ್ಯದಲ್ಲಿಯೇ ಮಸುಕು ಕೂರುತ್ತದೆ, ಬದಿಗಳು ಮಾತ್ರ ಉಳಿಯುತ್ತವೆ. ಮುಂದಿನ ವರ್ಷ ಎಷ್ಟು ಉಳಿದೀತು ಎಂಬುದಕ್ಕೆ ವೈದ್ಯರು ಭರವಸೆ ಕೊಟ್ಟಿಲ್ಲ.

"ನೋಡವ್ವ, ಆ ಮೊಬೈಲಿನ ಗಾಜಿನ್ಯಾಗ ನನಗ ಏನೂ ಕಾಣಂಗಿಲ್ಲ. ಬೆರಳು ತಾಗಿದ್ರ ಫೋಟೋ ಓಡಿ ಹೋಗ್ತದ. ಕಾಗದದ ಮ್ಯಾಲ, ದೊಡ್ಡದು ಮಾಡಿ ತಂದು ಕೊಡು" ಎಂದು ಅಕ್ಕ ಹೇಳಿದಳು. ಟಿವಿಯ ಮೇಲೆ ತೋರಿಸುವ ಪ್ರಯತ್ನವನ್ನೂ ಆಕೆಯ ಮಗ ಮಾಡಿದ್ದ. ಆಕೆಗೆ ಅದು ಒಗ್ಗಲಿಲ್ಲ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆಯನ್ನು ತುಸು ಓರೆ ಮಾಡಿ, ಭೂತಗನ್ನಡಿಯನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಆಕೆ ನೋಡುತ್ತಾಳೆ. ಒಂದು ಫೋಟೋಕ್ಕೆ ಅರ್ಧ ಗಂಟೆ. ಇಂಥ ನೋಡುವಿಕೆಗೆ ತಕ್ಕ ಚಿತ್ರ ಬೇಕಾದುದರಿಂದ ನನ್ನ ಹುಡುಕಾಟ ಆರಂಭವಾಯಿತು.

ಮೊಬೈಲನ್ನು ನಾನು ಹೀಗಳೆಯುವುದಿಲ್ಲ. ಕತ್ತಲಲ್ಲಿ ಅದು ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಲೆಕ್ಕ ಹಾಕಿ ಒಂದಾಗಿ ಬೆಸೆಯುತ್ತದೆ. ಚಿಕ್ಕ ಪರದೆಯ ಮೇಲೆ ಅದರಷ್ಟು ಅಂದವಾಗಿ ಬೇರೆ ಯಾವುದೂ ಕಾಣದು. ಆದರೆ ನನ್ನ ಮೊಬೈಲಿನ ಒಂದು ಚಿತ್ರವನ್ನು 12×18 ಅಂಗುಲಕ್ಕೆ ಮುದ್ರಿಸಿ ಭೂತಗನ್ನಡಿ ಹಿಡಿದಾಗ, ಮರದ ಎಲೆಗಳು ಎಲೆಗಳಾಗಿರಲಿಲ್ಲ, ಕುಂಚದಿಂದ ಸವರಿದ ಹಸಿರಾಗಿದ್ದವು. ಯಂತ್ರವೇ ಊಹಿಸಿ ತುಂಬಿದ್ದನ್ನು ಅಕ್ಕನಿಗೆ ಕೇದಾರವೆಂದು ತೋರಿಸಲು ನನಗೆ ಮನಸ್ಸಿಲ್ಲ. ಅಲ್ಲದೆ ಯಾತ್ರೆಯ ನೋಂದಣಿ, ಟಿಕೆಟ್ಟು, ಮನೆಯವರಿಗೆ ಕರೆ ಎಲ್ಲವೂ ಆ ಒಂದೇ ಮೊಬೈಲಿನಲ್ಲಿ. ಚಳಿಯಲ್ಲಿ ಅದರ ಬ್ಯಾಟರಿಯನ್ನು ಫೋಟೋಗಳಿಗೆ ಖರ್ಚು ಮಾಡಿ ಕೂರುವುದು ಜಾಣತನವಲ್ಲ.

ಹಾಗೆಂದು ಅಂಗಡಿಗೆ ಹೋದರೆ ಸಣ್ಣ ಕ್ಯಾಮರಾಗಳೇ ಇಲ್ಲ! 2010ರ ಸುಮಾರಿಗೆ ಜಪಾನಿನ ಕಂಪನಿಗಳು ಲೆನ್ಸ್ ಕೂಡಿಯೇ ಇರುವ ಈ ಬಗೆಯ ಕ್ಯಾಮರಾಗಳನ್ನು ವರ್ಷಕ್ಕೆ ಹತ್ತು ಕೋಟಿಗೂ ಮಿಕ್ಕಿ ರವಾನಿಸುತ್ತಿದ್ದವು. 2023ರಲ್ಲಿ ಆ ಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಲಿಲ್ಲ. ಕ್ಯಾಸಿಯೋ 2018ರಲ್ಲಿಯೇ ಅಂಗಡಿ ಮುಚ್ಚಿಕೊಂಡು ಹೊರನಡೆಯಿತು. ಉಳಿದವರು ಅಗ್ಗದ ಮಾದರಿಗಳನ್ನು ಬಹುಮಟ್ಟಿಗೆ ಕೈಬಿಟ್ಟು ದುಬಾರಿಯವನ್ನು ಮಾತ್ರ ಉಳಿಸಿಕೊಂಡರು. ಒಳ್ಳೆಯದೊಂದು ಹೊಸದಾಗಿ ಬೇಕೆಂದರೆ ಅರ್ಧ ಲಕ್ಷ ದಾಟುತ್ತದೆ. ಪಿಂಚಣಿದಾರರು ಎರಡು ಸಲ ಯೋಚಿಸಬೇಕಾದ ಮೊತ್ತ.

ನಮ್ಮ ಮನೆಯಲ್ಲಿ ಮೊದಲು ಕ್ಯಾಮರಾ ಕಂಡದ್ದು ಭಾವನವರ ಕೈಯಲ್ಲಿ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಮೂರು. ಒಂದು ರೀಲಿಗೆ ಹನ್ನೆರಡೇ ಚೌಕ ಚಿತ್ರಗಳು. ಹನ್ನೆರಡರಲ್ಲಿ ಯಾರಿಗೆ ಎಷ್ಟು ಎಂದು ಮೊದಲೇ ಪಂಚಾಯತಿ ನಡೆಯುತ್ತಿತ್ತು. ಅಕ್ಕನ ಪಾಲಿಗೆ ಯಾವಾಗಲೂ ಕೊನೆಯದು. ಅಷ್ಟರಲ್ಲಿ ಸೂರ್ಯ ಇಳಿದಿರುತ್ತಿದ್ದುದರಿಂದ ಆಕೆಯ ತಾರುಣ್ಯದ ಚಿತ್ರಗಳೆಲ್ಲ ಕಪ್ಪು ಕಪ್ಪು. ಮುಂದೆ ಶಾಲಾ ಪ್ರವಾಸಗಳಲ್ಲಿ ನನ್ನ ಕೊರಳಲ್ಲಿ ತೂಗಾಡುತ್ತಿದ್ದ ಕೊಡಕ್ ಕೆಬಿ 10 ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಬಸವಕಲ್ಯಾಣದ ಕೋಟೆಯ ಬಾಗಿಲಲ್ಲಿ ಸಾಲಾಗಿ ನಿಂತು ಕಣ್ಣು ಮುಚ್ಚಿದವರು ಯಾರು ಯಾರೆಂದು ಇಲ್ಲಿ ಬರೆಯುವುದಿಲ್ಲ, ಅವರೀಗ ಮಕ್ಕಳಿರುವ ಗೃಹಸ್ಥರು.

ಸರಿ, ಆಯ್ಕೆಗೆ ಬರೋಣ. ನೆರೆಮನೆಯ ಹುಡುಗನ ಬಳಿ ಒಂದು ಕ್ಯಾನನ್ ಎಸ್ಎಕ್ಸ್ 740 ಇದೆ. ನಲವತ್ತು ಪಟ್ಟು ಝೂಮ್. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಮನಾಬಾದಿನ ನನ್ನ ವಿದ್ಯಾರ್ಥಿಯೊಬ್ಬ, ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ತನ್ನ ಸೋನಿ ಆರ್‌ಎಕ್ಸ್ 100ರ ಮೂರನೆಯ ಆವೃತ್ತಿಯನ್ನು ಕಳುಹಿಸಿಕೊಟ್ಟ. ಅದು 2014ರ ಮಾದರಿ, ಝೂಮ್ ಮೂರು ಪಟ್ಟಿಗಿಂತಲೂ ತುಸು ಕಡಿಮೆ. ನಲವತ್ತೆಲ್ಲಿ, ಮೂರೆಲ್ಲಿ! ಕಾಗದದ ಮೇಲೆ ನೆರೆಮನೆಯದೇ ಗೆದ್ದಂತೆ ತೋರಿತು. ಮೇಷ್ಟ್ರ ಬುದ್ಧಿ, ಎರಡಕ್ಕೂ ಪರೀಕ್ಷೆ ಇಟ್ಟೆ. ಪರೀಕ್ಷಾ ಕೇಂದ್ರಕ್ಕೆ ಬೀದರದಂಥ ಊರು ಬೇರೆಲ್ಲಿದೆ?

ಮೊದಲನೆಯದು ಅಷ್ಟೂರು. ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆ, ಗುಮ್ಮಟಗಳ ತುಂಬ ಹದಿನೈದನೆಯ ಶತಮಾನದ ವರ್ಣಚಿತ್ರಗಳಿವೆ. ಆತನನ್ನು ಅಲ್ಲಮಪ್ರಭುವೆಂದೇ ಭಾವಿಸಿ ನಡೆದುಕೊಳ್ಳುವ ಹಿಂದೂ ಭಕ್ತರು ಇಂದಿಗೂ ಇದ್ದಾರೆ. ಒಳಗೆ ನಡುಹಗಲಲ್ಲಿಯೂ ಮಬ್ಬುಗತ್ತಲೆ. ಬಣ್ಣಕ್ಕೆ ಹಾನಿಯಾಗದಂತೆ ಫ್ಲಾಶ್ ಬಳಸದೆ ಎರಡರಲ್ಲಿಯೂ ಚಿತ್ರ ತೆಗೆದೆ. ನೆರೆಮನೆಯ ಕ್ಯಾಮರಾದಲ್ಲಿ ಕೆಂಪು ಬಣ್ಣವೆಲ್ಲ ಮರಳು ಚೆಲ್ಲಿದಂತಾಯಿತು. ಸೋನಿಯಲ್ಲಿ ಬಳ್ಳಿಯ ಸುರುಳಿಗಳು ಸುರುಳಿಗಳಾಗಿಯೇ ಬಂದವು.

ಇದರ ಕಾರಣ ಎಂಟನೆಯ ತರಗತಿಯ ಗಣಿತ. ಬೆಳಕನ್ನು ಹಿಡಿಯುವ ಸೆನ್ಸರ್ ನೆರೆಮನೆಯದರಲ್ಲಿ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಗುಣಿಸಿದರೆ 28 ಚದರ ಮಿ.ಮೀ. ಸೋನಿಯದು 13.2 ಮತ್ತು 8.8, ಅಂದರೆ 116 ಚದರ ಮಿ.ಮೀ. (ಇದಕ್ಕೆ ಒಂದಂಗುಲದ ಸೆನ್ಸರ್ ಎಂದು ಹೆಸರು. ಅಳೆದು ನೋಡಿದರೆ ಅಂಗುಲ ಎಲ್ಲಿಯೂ ಸಿಗುವುದಿಲ್ಲ. ಹಿಂದಿನ ಟಿವಿ ಕ್ಯಾಮರಾಗಳ ನಳಿಗೆಯ ಹೊರವ್ಯಾಸದ ಲೆಕ್ಕ ಹಾಗೆಯೇ ಉಳಿದುಕೊಂಡಿದೆ.) ಕ್ಷೇತ್ರಫಲವೇ ನಾಲ್ಕು ಪಟ್ಟು ಆಯಿತಷ್ಟೆ. ಇನ್ನು ಲೆನ್ಸಿನ ಬಾಯಿ: ಒಂದರದು ಎಫ್ 3.3, ಇನ್ನೊಂದರದು ಎಫ್ 1.8. ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಅದರ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 3.3ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಮೂರಕ್ಕಿಂತ ಹೆಚ್ಚು. ಎರಡನ್ನೂ ಗುಣಿಸಿ ನೋಡಿ, ಝೂಮ್ ಬಳಸದಿದ್ದಾಗ ಅದೇ ಕ್ಷಣದಲ್ಲಿ ಸೋನಿ ಹಿಡಿಯುವ ಬೆಳಕು ಹದಿಮೂರು ಪಟ್ಟಿಗೂ ಅಧಿಕ.

ಎರಡನೆಯದು ಮಹಮೂದ್ ಗವಾನರ ಮದರಸಾ. 1472ರ ಕಟ್ಟಡ. 1696ರ ಸ್ಫೋಟದಲ್ಲಿ ಒಂದು ಪಾರ್ಶ್ವವೇ ಕುಸಿದು, ಈಗ ಒಂದೇ ಮಿನಾರು ನಿಂತಿದೆ. ಅದರ ತುದಿಯ ಬಣ್ಣದ ಹೆಂಚುಗಳನ್ನು ರಸ್ತೆಯಲ್ಲಿ ನಿಂತು ಹಿಡಿಯಬೇಕೆಂಬುದು ಪ್ರಶ್ನೆ. ಇಲ್ಲಿ ನೆರೆಮನೆಯದಕ್ಕೆ ಪೂರ್ಣ ಅಂಕ, ಸೋನಿ ನಪಾಸು. ನ್ಯಾಯವಾಗಿ ಹೇಳಬೇಕಾದ ಮಾತಿದು. ಹಕ್ಕಿ ನೋಡುವವರು, ದೂರದ ಶಿಖರ ಹುಡುಕುವವರು ನನ್ನ ಆಯ್ಕೆಯನ್ನು ಅನುಸರಿಸಬೇಡಿ. ಆದರೆ ಕೇದಾರದಲ್ಲಿ ಗುಡಿಯ ಬೆನ್ನಿಗೇ ಪರ್ವತ ಎದ್ದು ನಿಂತಿದೆ. ಊರು 3583 ಮೀಟರ್ ಎತ್ತರದಲ್ಲಿದ್ದರೆ ಹಿಂದಿನ ಶಿಖರ 6940 ಮೀಟರ್. ಅಲ್ಲಿ ಹತ್ತಿರಕ್ಕೆ ಎಳೆದುಕೊಳ್ಳುವುದಕ್ಕಿಂತ ಅಗಲವಾಗಿ ತುಂಬಿಕೊಳ್ಳುವುದೇ ಕಷ್ಟ.

ಮೂರನೆಯ ಪರೀಕ್ಷೆ ಮನೆಯೊಳಗಿನದು, ನನಗೆ ಬಹಳ ಕಲಿಸಿದ್ದೂ ಅದೇ. ಮೇಜಿನ ಮೇಲೆ ಬಿದರಿಯ ಹೂದಾನಿ ಇಟ್ಟು ತೆಗೆದರೆ ಎರಡು ಕ್ಯಾಮರಾಗಳೂ ಅದನ್ನು ಬೂದು ಮಾಡಿದವು. ಸತು, ತಾಮ್ರದ ಮಿಶ್ರಲೋಹವನ್ನು ನಮ್ಮ ಕೋಟೆಯ ಮಣ್ಣು, ನವಸಾಗರಗಳಿಂದ ಉಜ್ಜಿ ತಂದ ಆ ಕಡುಗಪ್ಪು ಎಲ್ಲಿ ಹೋಯಿತು? ಎದುರಿಗಿರುವುದು ಕಪ್ಪೋ ಬಿಳುಪೋ ಕ್ಯಾಮರಾಕ್ಕೆ ತಿಳಿಯದು. ಎಲ್ಲವನ್ನೂ ಸರಾಸರಿ ಬೂದಿಗೆ ತಂದು ನಿಲ್ಲಿಸುವುದು ಅದರ ಸ್ವಭಾವ. ಹಾಗೆಯೇ ಬೆಳ್ಳಗಿನ ಹಿಮವನ್ನೂ ಬೂದು ಮಾಡುತ್ತದೆ. ಪರಿಹಾರಕ್ಕೆ ಕೂಡು, ಕಳೆ ಎಂಬ ಒಂದು ಗುಂಡಿ ಇರುತ್ತದೆ. ಬಿದರಿಗೆ ಒಂದು ಕಳೆಯಬೇಕು, ಹಿಮಕ್ಕೆ ಒಂದು ಕೂಡಿಸಬೇಕು. ಹಿಮ ನೋಡದ ಊರಿನಲ್ಲಿ ಕುಳಿತು ಹಿಮದ ಚಿತ್ರ ತೆಗೆಯುವುದನ್ನು ನಾನು ಅಭ್ಯಾಸ ಮಾಡುತ್ತಿರುವುದು ಹೀಗೆ: ಹೂದಾನಿಯ ಪಕ್ಕದಲ್ಲಿ ಯಜಮಾನರ ಬಿಳಿ ಧೋತರ ಹರವಿ. ಅವರು ಈ ಬಗ್ಗೆ ಏನೆಂದರೆಂಬುದು ಇಲ್ಲಿ ಅಪ್ರಸ್ತುತ.

ಸೋನಿಯನ್ನೇ ಒಯ್ಯುವುದೆಂದಾಯಿತು. ವಿದ್ಯಾರ್ಥಿ ಹಣ ಬೇಡವೆಂದ, ನಾನು ಒಪ್ಪಲಿಲ್ಲ. ಪೇಟೆಯಲ್ಲಿ ಹಳೆಯದಕ್ಕೆ ನಡೆಯುವ ದರ ಕೇಳಿ ತಿಳಿದು ಕಳುಹಿಸಿದೆ. ತೂಕ 290 ಗ್ರಾಂ. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರುದಾರಿಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಮೇಲ್ಭಾಗದಿಂದ ಹೊರಚಿಮ್ಮುವ ಪುಟ್ಟ ಕಣ್ಣುಕಿಂಡಿಯೊಂದಿದೆ, ಹಿಮದ ಬಿಸಿಲಿನಲ್ಲಿ ಪರದೆ ಕಾಣದಿದ್ದಾಗ ಅದೇ ಗತಿ. ಬ್ಯಾಟರಿಯದು ಮಾತ್ರ ಕೊರತೆ. ತಯಾರಕರ ಪ್ರಕಾರವೇ ಒಂದು ಸಲ ತುಂಬಿದರೆ 320 ಚಿತ್ರ, ಚಳಿಯಲ್ಲಿ ಅದಕ್ಕಿಂತಲೂ ಕಡಿಮೆ. ಒಳಗಿನ ರಾಸಾಯನಿಕ ಕ್ರಿಯೆ ತಂಪಿಗೆ ನಿಧಾನವಾಗುತ್ತದೆ, ಬೆಚ್ಚಗಾದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆದುದರಿಂದ ಇನ್ನೆರಡು ಬ್ಯಾಟರಿ ಕೊಂಡು ಸ್ವೆಟರಿನ ಒಳಗೆ ಜೇಬು ಹೊಲಿಸಿದ್ದೇನೆ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮುನ್ನ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ಇಲ್ಲವಾದರೆ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ದೊಡ್ಡ ಮೆಮೊರಿ ಕಾರ್ಡು ಒಂದರ ಬದಲು ಚಿಕ್ಕವು ಎರಡು. ಒಂದು ಕೆಟ್ಟರೆ ಇನ್ನೊಂದು ಇರಲಿ.

ಅಕ್ಕ ಪಟ್ಟಿ ಬರೆಯಿಸಿದ್ದಾಳೆ. ಗುಡಿಯ ಮುಂದಿನ ನಂದಿ, 2013ರಲ್ಲಿ ಗುಡಿಯ ಹಿಂದೆ ಬಂದು ನಿಂತು ನೀರನ್ನು ಇಬ್ಭಾಗಿಸಿದ ಬಂಡೆ, ಮಂದಾಕಿನಿ, ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊಖಿಮಠ. ಕೇದಾರದ ರಾವಲರು ವೀರಶೈವ ಜಂಗಮ ಪರಂಪರೆಯವರು ಎಂಬುದು ಆಕೆಗೆ ದೊಡ್ಡ ಅಭಿಮಾನದ ಸಂಗತಿ. ಗರ್ಭಗುಡಿಯ ಒಳಗೆ ಫೋಟೋ ತೆಗೆಯುವಂತಿಲ್ಲ ಎಂದು ತಿಳಿಸಿದೆ. "ಒಳಗ ಏನದ ಅಂತ ನನಗ ಗೊತ್ತದ. ನೀ ಹೊರಗಿಂದು ತಗೊಂಡು ಬಾ" ಎಂದಳು.

ಸೋನಿಯ ಚಿತ್ರ 5472 ಚುಕ್ಕೆ ಅಗಲ, 3648 ಚುಕ್ಕೆ ಎತ್ತರ. ಹದಿನೆಂಟು ಅಂಗುಲಕ್ಕೆ ಹಂಚಿದರೆ ಅಂಗುಲಕ್ಕೆ 304 ಬೀಳುತ್ತದೆ. ಭೂತಗನ್ನಡಿಯ ಕೆಳಗೂ ಮಾನ ಉಳಿಯುವಷ್ಟು. ಕಳೆದ ಭಾನುವಾರ ಅಷ್ಟೂರಿನ ಎರಡು ಚಿತ್ರಗಳನ್ನು ಆ ಅಳತೆಯಲ್ಲಿ ಮುದ್ರಿಸಿಕೊಂಡು ಭಾಲ್ಕಿಗೆ ಹೋಗಿದ್ದೆ. ಅಕ್ಕ ಕಿಟಕಿಯ ಬಳಿ ಕುಳಿತು ಬಹಳ ಹೊತ್ತು ನೋಡಿದಳು. ಗುಮ್ಮಟದ ಕೆಳಗಿನ ಬಳ್ಳಿಯ ಸಾಲನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗಿ, ಒಂದೆಡೆ ನಿಂತು, ಇಲ್ಲಿ ಬಣ್ಣ ಉದುರಿದೆಯೇ ಎಂದು ಕೇಳಿದಳು. ಹೌದು, ಅಲ್ಲಿ ಗಾರೆ ಕಿತ್ತುಹೋಗಿದೆ. ಆಮೇಲೆ ಎರಡನೆಯ ಚಿತ್ರವನ್ನು ಪಕ್ಕಕ್ಕೆ ಸರಿಸಿ, ಈ ಕಾಗದ ಮಿಂಚುತ್ತದೆ, ಕಿಟಕಿಯೇ ಇದರೊಳಗೆ ಕಾಣುತ್ತದೆ, ಮೊದಲಿನಂಥದೇ ಮಿಂಚಿಲ್ಲದ ಕಾಗದ ಆಗಬೇಕು ಎಂದಳು. ಬೀದರದ ಸ್ಟುಡಿಯೋದವರಿಗೆ ಹೇಳಿಯಾಗಿದೆ, ದೀಪಾವಳಿಗೆ ಮುಂಚೆ ಆ ಬಗೆಯ ಕಾಗದವನ್ನೇ ತರಿಸಿಡುತ್ತಾರಂತೆ.